ಕೊಳದ ಉತ್ಪಾದಕತೆ ಅಳೆಯುವ ಕಿಟ್: ಒಂದು ವರ್ಷ ಬಳಸಿದ ಮೇಲೆ

ಹೋದ ವರ್ಷ ನಮ್ಮ ಜೀವಶಾಸ್ತ್ರ ಲ್ಯಾಬಿಗೆ ಒಂದು ಕಿಟ್ ತರಿಸಿದೆ. ಕೊಳದ ನೀರಿನಲ್ಲಿರುವ ಪಾಚಿ ಬಿಸಿಲಿನಿಂದ ಎಷ್ಟು ಆಹಾರ ತಯಾರಿಸುತ್ತದೆ ಅಂತ ಅಳೆಯುವ ಕಿಟ್ ಇದು. ಪೆಟ್ಟಿಗೆ ಮೇಲೆ ‘ಪ್ರಾಥಮಿಕ ಉತ್ಪಾದಕತೆ ಮತ್ತು ಶಕ್ತಿಯ ಹರಿವು’ ಅಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಇಲ್ಲಿಯವರೆಗೆ 22 ಸಲ ಕೊಳಕ್ಕೆ ಇಳಿಸಿದ್ದೇವೆ. ಹಾಗಾಗಿ ಪೆಟ್ಟಿಗೆ ಬಿಚ್ಚಿದ ದಿನದ ಖುಷಿಯಲ್ಲಿ ಬರೆಯುತ್ತಿರುವ ಮಾತಲ್ಲ ಇದು.

ಮೊದಲೇ ಹೇಳಿಬಿಡುತ್ತೇನೆ. ಪಾಠ ಮಾಡುವವರು, ನೀರಿನ ಬಗ್ಗೆ ಆಸಕ್ತಿ ಇರುವವರು ಇದನ್ನು ಕೊಳ್ಳಬಹುದು. ಆದರೆ ಕಪ್ಪು ಬಾಟಲಿ, ಆಮ್ಲಜನಕ ಅಳೆಯಲು ಬಳಸುವ ಥಯೋಸಲ್ಫೇಟ್ ದ್ರಾವಣ, ಕೈಪಿಡಿಯ 7ನೇ ಪುಟ, ಈ ಮೂರನ್ನು ನೀವೇ ಸರಿಮಾಡಿಕೊಳ್ಳಬೇಕು. ಅದನ್ನು ಮಾಡದೆ ಬಳಸಿದರೆ ಮಕ್ಕಳು ತಪ್ಪನ್ನೇ ಕಲಿಯುತ್ತಾರೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಪೆಟ್ಟಿಗೆಯಲ್ಲಿ ಏನಿದೆ? 300 ಮಿಲಿಲೀಟರಿನ ಮೂರು ಗಾಜಿನ ಬಾಟಲಿಗಳು. ಎರಡು ಪಾರದರ್ಶಕ, ಒಂದಕ್ಕೆ ಹೊರಗಿನಿಂದ ಕಪ್ಪು ಬಣ್ಣ. ಮೂರಕ್ಕೂ ಗಾಜಿನ ಬಿರಡೆ. ಮ್ಯಾಂಗನೀಸ್ ಸಲ್ಫೇಟ್, ಕ್ಷಾರೀಯ ಅಯೋಡೈಡ್-ಅಜೈಡ್, ಸಲ್ಫ್ಯೂರಿಕ್ ಆಮ್ಲ, ಥಯೋಸಲ್ಫೇಟ್, ಪಿಷ್ಟದ ದ್ರಾವಣ. 10 ಮಿಲಿಲೀಟರಿನ ಬ್ಯೂರೆಟ್ (ದ್ರಾವಣವನ್ನು ಹನಿ ಹನಿಯಾಗಿ ಬಿಡುವ ಅಳತೆ ಕೊಳವೆ), ಪಿಪೆಟ್‌ಗಳು, ಒಂದು ಶಂಕುವಿನಾಕಾರದ ಫ್ಲಾಸ್ಕ್, ಗುರುತು ಹಾಕಿದ ಹಗ್ಗ, ರಬ್ಬರ್ ನಳಿಕೆ. ಜೊತೆಗೆ ಗೋಡೆಗೆ ಹಾಕುವ, ಗಿಡದಿಂದ ಮಾಂಸಾಹಾರಿವರೆಗೆ ಶಕ್ತಿ ಮೆಟ್ಟಿಲು ಮೆಟ್ಟಿಲಾಗಿ ಕಡಿಮೆಯಾಗುವುದನ್ನು ತೋರಿಸುವ ಶಕ್ತಿ ಪಿರಮಿಡ್‌ನ ಚಾರ್ಟ್. ಕಣ್ಣಿಗೆ ಹಾಕುವ ಕನ್ನಡಕವೂ ಇಲ್ಲ, ಕೈಗವಸೂ ಇಲ್ಲ. ಇದು ದೊಡ್ಡ ಕೊರತೆ. ಆಮ್ಲ ಮತ್ತು ಅಜೈಡ್ ಎರಡೂ ಇರುವ ಪೆಟ್ಟಿಗೆಯನ್ನು ಮಕ್ಕಳ ಕೈಗೆ ಹಾಗೆ ಕೊಡಬಾರದು. ಅಜೈಡ್ ವಿಷ. ಆಮ್ಲ ಬಿದ್ದಾಗ ಅದರಿಂದ ಬರುವ ಆವಿಯೂ ಒಳ್ಳೆಯದಲ್ಲ. ಕಿಟಕಿ ತೆರೆದಿರುವ ಕೋಣೆಯಲ್ಲೇ ಟೈಟ್ರೇಷನ್ (ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು ಅಳೆಯುವ ಕೆಲಸ) ಮಾಡಿ. ಉಳಿದ ದ್ರಾವಣವನ್ನು ಯಾವ ಕಾರಣಕ್ಕೂ ಕೊಳಕ್ಕೆ ಸುರಿಯಬೇಡಿ.

ಕೆಲಸ ಮಾಡುವ ರೀತಿ ಸರಳ. ಒಂದೇ ಜಾಗದ, ಒಂದೇ ಆಳದ ನೀರನ್ನು ಮೂರೂ ಬಾಟಲಿಗೆ ತುಂಬುತ್ತೀರಿ. ಒಂದರಲ್ಲಿ ಕರಗಿದ ಆಮ್ಲಜನಕ ಎಷ್ಟಿದೆ ಅಂತ ಆಗಲೇ ಅಳೆದುಬಿಡಬೇಕು. ಅದು ಆರಂಭದ ಬಾಟಲಿ. ಉಳಿದ ಎರಡನ್ನು ಹಗ್ಗಕ್ಕೆ ಕಟ್ಟಿ ನೀರು ತೆಗೆದ ಆಳಕ್ಕೇ ಮತ್ತೆ ಇಳಿಸಬೇಕು. ಬಿಳಿ ಬಾಟಲಿಗೆ, ಅಂದರೆ ಪಾರದರ್ಶಕ ಬಾಟಲಿಗೆ, ಬೆಳಕು ಬೀಳುತ್ತದೆ. ಅಲ್ಲಿ ಪಾಚಿ ದ್ಯುತಿಸಂಶ್ಲೇಷಣೆ ಮಾಡಿ ಆಮ್ಲಜನಕ ಬಿಡುತ್ತದೆ, ಉಸಿರಾಡಿ ಸ್ವಲ್ಪ ಬಳಸಿಕೊಳ್ಳುತ್ತದೆ. ಕಪ್ಪು ಬಾಟಲಿಯಲ್ಲಿ ಬೆಳಕಿಲ್ಲ. ಅಲ್ಲಿ ನಡೆಯುವುದು ಉಸಿರಾಟ ಮಾತ್ರ. ಕೆಲವು ಗಂಟೆ ಬಿಟ್ಟು ಎರಡನ್ನೂ ಎತ್ತಿ ಅಳೆದರೆ ಮುಗಿಯಿತು. ಈ ಉಪಾಯವನ್ನು 1927ರಲ್ಲಿ ಗಾರ್ಡರ್ ಮತ್ತು ಗ್ರಾನ್ ಅನ್ನುವ ಇಬ್ಬರು ಪ್ರಕಟಿಸಿದರು. ಅವರು ಬಾಟಲಿ ಇಳಿಸಿದ್ದು ನಾರ್ವೆಯ ಓಸ್ಲೋ ಫ್ಯೋರ್ಡ್‌ನಲ್ಲಿ. ಆಮ್ಲಜನಕ ಅಳೆಯುವ ರಸಾಯನ ಇನ್ನೂ ಹಳೆಯದು. ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಕೊಟ್ಟದ್ದು. ಕೈಪಿಡಿಯಲ್ಲಿ ಈ ಯಾರ ಹೆಸರೂ ಇಲ್ಲ. ಒಂದು ಸಾಲು ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಲ್ವಾ?

ಈ ಕಿಟ್‌ನಲ್ಲಿ ನನಗೆ ತುಂಬ ಇಷ್ಟವಾದದ್ದು ವಿಂಕ್ಲರ್ ವಿಧಾನದ ಬಣ್ಣಗಳೇ. ಮ್ಯಾಂಗನೀಸ್ ಸಲ್ಫೇಟನ್ನು ಪಿಪೆಟ್‌ನಿಂದ ನೀರಿನ ಮಟ್ಟದ ಕೆಳಗೆ ಬಿಡುತ್ತೀರಿ. ಆಮೇಲೆ ಕ್ಷಾರೀಯ ಅಯೋಡೈಡ್. ಬಿರಡೆ ಹಾಕಿ ತಲೆಕೆಳಗು ಮಾಡುತ್ತಲೇ ತುಕ್ಕಿನ ಬಣ್ಣದ ಮೋಡ ಏಳುತ್ತದೆ. ನೀರಿನಲ್ಲಿ ಆಮ್ಲಜನಕ ಜಾಸ್ತಿ ಇದ್ದಷ್ಟೂ ಆ ಮೋಡ ಗಾಢ ಕಂದು. ಆಮ್ಲಜನಕ ಇಲ್ಲವೇ ಇಲ್ಲ ಅಂದರೆ ಬರೀ ಬಿಳಿ. ಬಿಳಿ ಬಾಟಲಿ ಮತ್ತು ಕಪ್ಪು ಬಾಟಲಿಯ ಒಳಗಿನ ನೀರನ್ನು ಪಕ್ಕಪಕ್ಕ ಬೆಳಕಿಗೆ ಹಿಡಿದರೆ ಲೆಕ್ಕ ಮಾಡುವ ಮೊದಲೇ ಕಣ್ಣಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಮೋಡ ತಳಕ್ಕೆ ಕೂತ ಮೇಲೆ ಆಮ್ಲ ಹಾಕಬೇಕು. ಕಂದು ಕಣಗಳೆಲ್ಲ ಕರಗಿ ನೀರು ತಿಳಿ ಹಳದಿ-ಕಂದಾಗುತ್ತದೆ. ಅದು ಬಿಡುಗಡೆಯಾದ ಅಯೋಡಿನ್. ಎಷ್ಟು ಆಮ್ಲಜನಕ ಇತ್ತೋ ಅದಕ್ಕೆ ಸರಿಸಮನಾದ ಅಯೋಡಿನ್. ಇನ್ನು ಥಯೋಸಲ್ಫೇಟ್ ಹನಿ ಹನಿ ಬಿಡುತ್ತ ಹೋಗಬೇಕು. ಹಳದಿ ಒಣಹುಲ್ಲಿನ ಬಣ್ಣಕ್ಕೆ ಇಳಿದಾಗ ಪಿಷ್ಟ ಹಾಕಿದರೆ ಇಡೀ ಫ್ಲಾಸ್ಕ್ ಕಡು ನೀಲಿ. ಆಮೇಲೆ ಒಂದೊಂದೇ ಹನಿ. ಒಂದು ಹನಿಗೆ ನೀಲಿ ಪೂರ್ತಿ ಮಾಯ. ಆ ಹನಿ ಬೀಳುವಾಗ ತರಗತಿಯಲ್ಲಿ ಯಾರೂ ಮಾತಾಡುವುದಿಲ್ಲ. 22 ಸಲ ನೋಡಿದ್ದೇನೆ, ಒಂದು ಸಲವೂ ಬೇಜಾರಾಗಿಲ್ಲ.

ಥಯೋಸಲ್ಫೇಟ್ 0.025 ನಾರ್ಮಲ್ ಅಂತ ಬಾಟಲಿ ಮೇಲೆ ಬರೆದಿದೆ (ನಾರ್ಮಲ್ ಅನ್ನುವುದು ದ್ರಾವಣ ಎಷ್ಟು ಗಟ್ಟಿ ಅನ್ನುವ ಅಳತೆ). 200 ಮಿಲಿಲೀಟರ್ ನೀರಿಗೆ ಈ ದ್ರಾವಣ ಎಷ್ಟು ಮಿಲಿಲೀಟರ್ ಹಿಡಿಯಿತೋ ಅಷ್ಟೇ ಮಿಲಿಗ್ರಾಂ ಆಮ್ಲಜನಕ ಒಂದು ಲೀಟರಿನಲ್ಲಿ. ಬ್ಯೂರೆಟ್ ಓದಿದರೆ ಉತ್ತರ ಸಿಕ್ಕಿತು. ತುಂಬ ಅನುಕೂಲ. ಆದರೆ ಥಯೋಸಲ್ಫೇಟ್ ಇಟ್ಟಲ್ಲೇ ಶಕ್ತಿ ಕಳೆದುಕೊಳ್ಳುವ ದ್ರಾವಣ. ಅದಕ್ಕೇ ಮೊದಲು ಒಂದು ಪರೀಕ್ಷೆ ಮಾಡಿದೆ. ಅಕ್ವೇರಿಯಂ ಪಂಪಿನಿಂದ ಒಂದು ಪಾತ್ರೆ ನೀರಿಗೆ ಚೆನ್ನಾಗಿ ಗಾಳಿ ಊದಿಸಿದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಮುದ್ರಮಟ್ಟದ ಒತ್ತಡದಲ್ಲಿ, ಸಿಹಿನೀರು ಹಿಡಿದಿಡುವ ಆಮ್ಲಜನಕ ಲೀಟರಿಗೆ ಸುಮಾರು 8.3 ಮಿಲಿಗ್ರಾಂ. ಎತ್ತರದ ಜಾಗದಲ್ಲಿ ಇನ್ನೂ ಕಡಿಮೆ. ಕಿಟ್ ತೋರಿಸಿದ್ದು 8.9. ಅಷ್ಟು ಬರುವ ಹಾಗೇ ಇಲ್ಲ. ಆಮೇಲೆ ಪೊಟ್ಯಾಸಿಯಂ ಡೈಕ್ರೋಮೇಟ್‌ನ 0.025 ನಾರ್ಮಲ್ ದ್ರಾವಣ ಮಾಡಿಕೊಂಡು ಹೋಲಿಸಿದೆ. 10 ಮಿಲಿಲೀಟರಿಗೆ 10 ಮಿಲಿಲೀಟರ್ ಹಿಡಿಯಬೇಕಿತ್ತು, 10.8 ಹಿಡಿಯಿತು. ಅಂದರೆ ದ್ರಾವಣ ಬರುವಾಗಲೇ ದುರ್ಬಲವಾಗಿತ್ತು. ಹೊಸದಾಗಿ ತರಿಸಿದರೂ ಹೀಗೇ ಪರೀಕ್ಷಿಸಿ. ಪ್ರತಿ ಓದಿಗೂ ತಿದ್ದುಪಡಿ ಗುಣಿಸಿಕೊಂಡರೆ ಸಾಕು, ದ್ರಾವಣ ಎಸೆಯಬೇಕಿಲ್ಲ. ಕೆಳಗೆ ನಾನು ಬರೆಯುವ ಅಂಕಿಗಳೆಲ್ಲ ತಿದ್ದುಪಡಿ ಮಾಡಿದವು.

ಬ್ಯೂರೆಟ್ 10 ಮಿಲಿಲೀಟರಿನದು ಸಾಲದು. ಹಸಿರಾದ ಕೊಳದಲ್ಲಿ ಮಧ್ಯಾಹ್ನದ ನೀರು ಸುಲಭವಾಗಿ ಅದನ್ನು ದಾಟುತ್ತದೆ. ಟೈಟ್ರೇಷನ್ ನಡುವೆ ನಿಲ್ಲಿಸಿ ಮತ್ತೆ ತುಂಬಿಸಬೇಕು. ನಾವು 25 ಮಿಲಿಲೀಟರಿನ ಬೇರೆ ಬ್ಯೂರೆಟ್ ಇಟ್ಟುಕೊಂಡೆವು. ರಬ್ಬರ್ ನಳಿಕೆಯೂ ಗಿಡ್ಡ, ಬಾಟಲಿಯ ತಳ ಮುಟ್ಟುವುದಿಲ್ಲ. ನೀರನ್ನು ತಳದಿಂದ ನಿಧಾನ ತುಂಬಿಸಿ, ಎರಡು ಮೂರು ಬಾಟಲಿಯಷ್ಟು ಉಕ್ಕಿ ಹರಿಯಲು ಬಿಡಬೇಕು. ಇಲ್ಲದಿದ್ದರೆ ಗಾಳಿ ಬೆರೆಯುತ್ತದೆ.

ಗಾಳಿಗುಳ್ಳೆಯ ವಿಷಯ ಸ್ವಲ್ಪ ನಿಂತು ಹೇಳಬೇಕು. ಮಕ್ಕಳು ‘ಒಂದು ಚಿಕ್ಕ ಗುಳ್ಳೆ ತಾನೆ’ ಅಂತ ಬಿಟ್ಟುಬಿಡುತ್ತಾರೆ. 1 ಮಿಲಿಲೀಟರ್ ಗಾಳಿಯಲ್ಲಿ ಸುಮಾರು 0.27 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಲೀಟರಿಗೆ 7 ಮಿಲಿಗ್ರಾಂ ಇರುವ ನೀರಿನ 300 ಮಿಲಿಲೀಟರಿನಲ್ಲಿ ಇರುವುದೇ 2.1 ಮಿಲಿಗ್ರಾಂ. ಅಂದರೆ ಬಿರಡೆ ಕೆಳಗೆ ಕೂತ ಒಂದು ಗುಳ್ಳೆ ಇಡೀ ಬಾಟಲಿಯ ಎಂಟನೇ ಒಂದು ಭಾಗದಷ್ಟು ಆಮ್ಲಜನಕ ಹೊತ್ತುಕೊಂಡಿರುತ್ತದೆ. ನಮ್ಮ ಕಿಟ್‌ನ ಒಂದು ಬಿರಡೆ ಸರಿಯಾಗಿ ಉಜ್ಜಿಲ್ಲ. ಓರೆಯಾಗಿ ಕೂರುತ್ತದೆ, ಗುಳ್ಳೆ ಸಿಕ್ಕಿಕೊಳ್ಳುತ್ತದೆ. ಆ ಬಾಟಲಿಯನ್ನು ಈಗ ಆರಂಭದ ಓದಿಗೆ ಮಾತ್ರ ಬಳಸುತ್ತೇವೆ. ಅದರಲ್ಲಿ ನೀರು ಗಂಟೆಗಟ್ಟಲೆ ಕೂರುವುದಿಲ್ಲವಲ್ಲ. ಆಗಲೂ ಗುಳ್ಳೆ ಕಂಡರೆ ಚೆಲ್ಲಿ ಮತ್ತೆ ತುಂಬಿಸುತ್ತೇವೆ.

ಈಗ ಕಪ್ಪು ಬಾಟಲಿ. ಇಡೀ ಪ್ರಯೋಗ ನಿಂತಿರುವುದು ಇದರ ಮೇಲೆ. ಆದರೆ ಇದನ್ನೇ ಅತೀ ಅಗ್ಗವಾಗಿ ಮಾಡಿದ್ದಾರೆ. ಮೂರನೇ ಸಲ ತೊಳೆದಾಗಲೇ ಕುತ್ತಿಗೆ ಹತ್ತಿರ ಬಣ್ಣ ಎದ್ದಿತು. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಬಾಟಲಿಯ ಬಾಯಿಗೆ ಹಿಡಿದು ನೋಡಿದೆವು. ಕುತ್ತಿಗೆ ಸುತ್ತ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು, ನಕ್ಷತ್ರದ ಹಾಗೆ. ಬುಡದಲ್ಲಿ ಒಂದು ಗೀರು. ಸಾಲದ್ದಕ್ಕೆ ಬಿರಡೆ ಪಾರದರ್ಶಕ ಗಾಜು! ಮೇಲಿನಿಂದ ಬಿಸಿಲು ನೇರ ಒಳಗೆ ಇಳಿಯುತ್ತದೆ. ಹೀಗಿದ್ದರೆ ಒಳಗಿರುವ ಪಾಚಿ ಸ್ವಲ್ಪ ಸ್ವಲ್ಪ ಆಮ್ಲಜನಕ ಮಾಡುತ್ತಲೇ ಇರುತ್ತದೆ. ಉಸಿರಾಟ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಒಟ್ಟು ಉತ್ಪಾದನೆಯೂ ಕಡಿಮೆ ಬರುತ್ತದೆ. ನಾವು ಮಾಡಿದ್ದು ಇಷ್ಟು: ಬಾಟಲಿಗೆ ಎರಡು ಸುತ್ತು ಕಪ್ಪು ಇನ್ಸುಲೇಷನ್ ಟೇಪ್. ಅದರ ಮೇಲೆ ಅಲ್ಯೂಮಿನಿಯಂ ಹಾಳೆ. ಬಿರಡೆಗೆ ಹಾಳೆಯದೇ ಟೋಪಿ, ಅದಕ್ಕೊಂದು ರಬ್ಬರ್ ಬ್ಯಾಂಡ್. ಮತ್ತೆ ಟಾರ್ಚ್ ಪರೀಕ್ಷೆ. ಈಗ ಪೂರ್ತಿ ಕತ್ತಲು.

ಸರಿ ಮಾಡಿದ ಮೇಲೆ ಬಂದ ಒಂದು ದಿನದ ಲೆಕ್ಕ ಕೊಡುತ್ತೇನೆ. ಬಿಸಿಲಿನ ದಿನ, ಮೇಲಿನಿಂದ 30 ಸೆಂಟಿಮೀಟರ್ ಆಳ, ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ. ಆರಂಭದ ಬಾಟಲಿ ಲೀಟರಿಗೆ 6.8 ಮಿಲಿಗ್ರಾಂ. ಬಿಳಿ ಬಾಟಲಿ 9.4. ಕಪ್ಪು ಬಾಟಲಿ 5.6. ಬಿಳಿಯಿಂದ ಆರಂಭ ಕಳೆದರೆ 2.6, ಇದು ನಿವ್ವಳ. ಆರಂಭದಿಂದ ಕಪ್ಪು ಕಳೆದರೆ 1.2, ಇದು ಉಸಿರಾಟ. ಬಿಳಿಯಿಂದ ಕಪ್ಪು ಕಳೆದರೆ 3.8, ಇದು ಒಟ್ಟು ಉತ್ಪಾದನೆ. ಪಾಚಿ ಮಾಡಿದ್ದು 3.8, ಆ ಹೊತ್ತಿಗೆ ಖರ್ಚಾದದ್ದು 1.2, ಉಳಿದದ್ದು 2.6.

ಕೈಪಿಡಿಯ 7ನೇ ಪುಟದಲ್ಲಿ ಈ ಸೂತ್ರಗಳು ಅದಲುಬದಲಾಗಿವೆ. ‘ಒಟ್ಟು’ ಅಂತ ಬಿಳಿ ಬಾಟಲಿಯಿಂದ ಆರಂಭ ಕಳೆಯಲು ಹೇಳುತ್ತದೆ. ‘ನಿವ್ವಳ’ ಅಂತ ಬಿಳಿಯಿಂದ ಕಪ್ಪು ಕಳೆಯಲು ಹೇಳುತ್ತದೆ. ಅದರ ಪ್ರಕಾರ ಒಟ್ಟು 2.6, ನಿವ್ವಳ 3.8! ನಾನು ಹೇಳುವ ಮೊದಲೇ ಒಬ್ಬ ಹುಡುಗಿ ಕೈ ಎತ್ತಿದಳು. ‘ಮಿಸ್, ಒಟ್ಟು ಸಂಬಳಕ್ಕಿಂತ ಕೈಗೆ ಬರೋದು ಜಾಸ್ತಿ ಇರೋಕೆ ಆಗುತ್ತಾ?’ ಅಂದಳು. ಅವಳಿಗೆ ವಿಷಯ ಅರ್ಥವಾಗಿತ್ತು. ಎಲ್ಲ ತರಗತಿಯಲ್ಲೂ ಹೀಗೆ ಕೇಳುವವರು ಇರಬೇಕಲ್ಲ? ಈ ಪುಟವನ್ನು ತಿದ್ದಿ ಅಂತ ತಯಾರಕರಿಗೆ ಎರಡು ಸಲ ಬರೆದೆ. ಉತ್ತರ ಬಂದಿಲ್ಲ. ನೀವು ಕೊಂಡರೆ ಮೊದಲ ದಿನವೇ ಆ ಪುಟಕ್ಕೆ ಒಂದು ಚೀಟಿ ಅಂಟಿಸಿ.

ಇನ್ನೊಂದು ಮಾತನ್ನು ಕೈಪಿಡಿ ಹೇಳಬೇಕಿತ್ತು. ಕಪ್ಪು ಬಾಟಲಿಯಲ್ಲಿ ಉಸಿರಾಡುವುದು ಪಾಚಿ ಒಂದೇ ಅಲ್ಲ. ಬ್ಯಾಕ್ಟೀರಿಯಾ ಇದೆ, ಕಣ್ಣಿಗೆ ಕಾಣದ ಪ್ರಾಣಿಪ್ಲವಕ, ಅಂದರೆ ನೀರಿನಲ್ಲಿ ತೇಲುವ ಸಣ್ಣ ಪ್ರಾಣಿಗಳು, ಇದೆ. ಹಾಗಾಗಿ ಇಲ್ಲಿ ಸಿಗುವ ‘ನಿವ್ವಳ’ ಪಾಚಿಯ ನಿವ್ವಳ ಅಲ್ಲ, ಆ ನೀರಿನಲ್ಲಿರುವ ಎಲ್ಲ ಜೀವಿಗಳೂ ಬಳಸಿ ಉಳಿದದ್ದು. ಜೊತೆಗೆ, ಬೆಳಕಲ್ಲೂ ಕತ್ತಲಲ್ಲೂ ಉಸಿರಾಟ ಒಂದೇ ಸಮ ಅಂತ ನಾವು ಒಪ್ಪಿಕೊಂಡು ನಡೆಯುತ್ತೇವೆ. ಅದು ಪೂರ್ತಿ ನಿಜವಲ್ಲ. ಮಕ್ಕಳಿಗೆ ಇದನ್ನು ಮುಚ್ಚಿಡದೆ ಹೇಳಬೇಕು.

ನನ್ನ ಮಟ್ಟಿಗೆ ಈ ಕಿಟ್ ಕೊಟ್ಟ ದುಡ್ಡಿಗೆ ಪೂರ್ತಿ ಬೆಲೆ ಬಂದದ್ದು ಇನ್ನೊಂದು ದಿನ. ಅವತ್ತು ಮೋಡ ಕವಿದಿತ್ತು. ಹಗ್ಗದ ಗುರುತು ನೋಡಿಕೊಂಡು ಬಾಟಲಿಗಳನ್ನು ಒಂದೂವರೆ ಮೀಟರ್ ಆಳಕ್ಕೆ ಇಳಿಸಿದ್ದೆವು. ನಾಲ್ಕು ಗಂಟೆಯ ಮೇಲೆ ಎತ್ತಿದಾಗ ಆರಂಭ 6.1, ಬಿಳಿ 5.8, ಕಪ್ಪು 5.0. ಬಿಳಿ ಬಾಟಲಿಯಲ್ಲಿ ಆಮ್ಲಜನಕ ಏರುವ ಬದಲು ಇಳಿದಿತ್ತು. ‘ಮಿಸ್, ಪ್ರಯೋಗ ಕೆಟ್ಟುಹೋಯ್ತು’ ಅಂತ ಒಬ್ಬ ಫ್ಲಾಸ್ಕ್ ತೊಳೆಯಲು ಹೊರಟ. ತಡಿ ಅಂದೆ. ಎರಡನೇ ಸಲ ಟೈಟ್ರೇಟ್ ಮಾಡಿಸಿದೆ. ಮತ್ತೆ 5.8. ಕೆಟ್ಟದ್ದೇನೂ ಇರಲಿಲ್ಲ. ಒಟ್ಟು ಉತ್ಪಾದನೆ 0.8 ಇತ್ತು, ಉಸಿರಾಟ 1.1. ಅಷ್ಟು ಆಳದಲ್ಲಿ ಆ ದಿನದ ಬೆಳಕಿಗೆ ಪಾಚಿ ಕೆಲಸ ಮಾಡುತ್ತಿತ್ತು, ಆದರೆ ಅಲ್ಲಿನ ಜೀವಿಗಳು ಅದು ಮಾಡಿದ್ದಕ್ಕಿಂತ ಜಾಸ್ತಿ ಖರ್ಚು ಮಾಡುತ್ತಿದ್ದವು. ಮೇಲಿನ ಪದರದಲ್ಲಿ ಉಳಿತಾಯ, ಕೆಳಗಿನ ಪದರದಲ್ಲಿ ಸಾಲ. ನಡುವೆ ಎಲ್ಲೋ ಒಂದು ಆಳದಲ್ಲಿ ಎರಡೂ ಸರಿಸಮ. ಪುಸ್ತಕದಲ್ಲಿ ಅದನ್ನು ಸಮತೋಲನದ ಆಳ ಅಂತ ಕರೆಯುತ್ತಾರೆ. ಮುಂದಿನ ವಾರ ಮಕ್ಕಳು ಅವರಾಗಿಯೇ ಅದನ್ನು ಹುಡುಕಲು ಹೊರಟರು. 60 ಸೆಂಟಿಮೀಟರ್, 90, 120. ನಾನು ಏನೂ ಹೇಳಬೇಕಾಗಲಿಲ್ಲ.

ಕಪ್ಪು ಬಾಟಲಿ ಕಲಿಸುವ ಪಾಠ ಇದೇ. ಸಾಮಾನ್ಯವಾಗಿ ಎಲ್ಲರೂ ಗಿಡ ಎಷ್ಟು ಮಾಡುತ್ತದೆ ಅಂತ ಮಾತ್ರ ಕೇಳುತ್ತಾರೆ. ಎಷ್ಟು ಉರಿದು ಹೋಗುತ್ತದೆ ಅಂತ ಕೇಳುವವರು ಕಡಿಮೆ. ಬಿಸಿಲಿನ ದಿನದ ನಮ್ಮ ಲೆಕ್ಕವನ್ನೇ ತಗೊಳ್ಳಿ. ಉಸಿರಾಟ ನಾಲ್ಕು ಗಂಟೆಗೆ 1.2, ಅಂದರೆ ಗಂಟೆಗೆ 0.3. ರಾತ್ರಿ ಅದು ನಿಲ್ಲುವುದಿಲ್ಲ. 24 ಗಂಟೆಗೆ 7.2. ನಮ್ಮ ನಾಲ್ಕು ಗಂಟೆಯ ಒಟ್ಟು 3.8. ಮುಂಜಾನೆ, ಸಂಜೆಯ ಬೆಳಕು ಕಡಿಮೆ, ಹಾಗಾಗಿ ಇಡೀ ಹಗಲಿಗೆ ಅದರ ಎರಡರಷ್ಟು ಅಂತ ಹಿಡಿದರೆ 7.6. ಉಳಿಯುವುದು 0.4! ಚೆನ್ನಾಗಿ ಬಿಸಿಲು ಬಿದ್ದ ಮೇಲಿನ ಪದರದಲ್ಲೇ ಇಷ್ಟು. ಇದು ಒರಟು ಲೆಕ್ಕ, ಎರಡರಷ್ಟು ಅನ್ನುವುದು ನನ್ನ ಊಹೆ. ಆದರೂ ಹಸಿರಾಗಿ ಕಾಣುವ ಕೊಳದಲ್ಲಿ ದಿನದ ಕೊನೆಗೆ ಉಳಿತಾಯ ಎಷ್ಟು ಸಣ್ಣದು ಅಂತ ಮಕ್ಕಳಿಗೆ ಹೊಳೆಯಲು ಇಷ್ಟು ಸಾಕು.

ಪೆಟ್ಟಿಗೆ ಮೇಲೆ ‘ಶಕ್ತಿಯ ಹರಿವು’ ಅಂತ ಇದೆಯಲ್ಲ, ಅದರ ಬಗ್ಗೆ ನನಗೆ ನಿಜವಾದ ಬೇಸರ ಇದೆ. ಇಡೀ ಕೈಪಿಡಿಯಲ್ಲಿ ಆಮ್ಲಜನಕವನ್ನು ಶಕ್ತಿಗೆ ತಿರುಗಿಸುವ ಒಂದು ಸಾಲೂ ಇಲ್ಲ. ಮಿಲಿಗ್ರಾಂಗೇ ನಿಂತುಬಿಡುತ್ತದೆ. ಕಷ್ಟದ ಲೆಕ್ಕವೇನಲ್ಲ. ತಯಾರಾಗುವುದು ಗ್ಲೂಕೋಸ್ ಅಂತ ಹಿಡಿದರೆ, ಬಿಡುಗಡೆಯಾದ ಪ್ರತಿ 1 ಮಿಲಿಗ್ರಾಂ ಆಮ್ಲಜನಕಕ್ಕೆ ಸುಮಾರು 14.6 ಜೂಲ್ ಶಕ್ತಿ ಆಹಾರದಲ್ಲಿ ಸೇರುತ್ತದೆ. ನಮ್ಮ 3.8 ಮಿಲಿಗ್ರಾಂಗೆ 55 ಜೂಲ್. ಒಂದು ಲೀಟರ್ ನೀರನ್ನು 1 ಡಿಗ್ರಿ ಬಿಸಿ ಮಾಡಲು ಸುಮಾರು 4,186 ಜೂಲ್ ಬೇಕು. ಅಂದರೆ ನಾಲ್ಕು ಗಂಟೆ ಬಿಸಿಲಲ್ಲಿ ಪಾಚಿ ಕೂಡಿಸಿದ ಶಕ್ತಿಯನ್ನೆಲ್ಲ ಅದೇ ನೀರಿಗೆ ಶಾಖವಾಗಿ ಕೊಟ್ಟರೆ ಡಿಗ್ರಿಯ ನೂರನೇ ಒಂದು ಭಾಗದಷ್ಟು ಬಿಸಿಯಾಗುತ್ತದೆ, ಅಷ್ಟೇ. ನಮ್ಮ ಥರ್ಮಾಮೀಟರ್‌ಗೆ ಅದು ಕಾಣುವುದೇ ಇಲ್ಲ. ಆ ನೀರಿನಲ್ಲಿರುವ ಹುಳ, ಮೀನು, ಮೀನು ತಿನ್ನುವ ಹಕ್ಕಿ ಎಲ್ಲವೂ ಬದುಕುವುದು ಇಷ್ಟರ ಮೇಲೆ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದ ದಿನ ನನಗೇ ಮೈ ಜುಂ ಅಂದಿತು.

ಗೋಡೆ ಚಾರ್ಟ್ ಅಂತೂ ಕೆಳಗಿಳಿಸಿದ್ದೇನೆ. ಚಿತ್ರ ಅಂದವಾಗಿದೆ, ಬಣ್ಣವೂ ಚೆನ್ನಾಗಿದೆ. ಆದರೆ ಎರಡು ತಪ್ಪು. ಕೊಳೆಸುವ ಜೀವಿಗಳಿಂದ ಗಿಡದ ಕಡೆಗೆ ಒಂದು ದಪ್ಪ ಬಾಣ ಹಾಕಿ ‘ಶಕ್ತಿ’ ಅಂತ ಬರೆದಿದ್ದಾರೆ. ಸಾರಜನಕ, ರಂಜಕ, ಇಂಗಾಲ ಸುತ್ತಿ ಬರುತ್ತವೆ, ನಿಜ. ಶಕ್ತಿ ಸುತ್ತಿ ಬರುವುದಿಲ್ಲ. ಬಿಸಿಲಾಗಿ ಬಂದದ್ದು ಶಾಖವಾಗಿ ಹೋಗುತ್ತದೆ, ಗಿಡ ಆ ಶಾಖವನ್ನು ಮತ್ತೆ ಹಿಡಿಯಲಾರದು. ಇಡೀ ಪಾಠದ ಬೆನ್ನೆಲುಬೇ ಇದು. ಅಲ್ಲೇ ತಪ್ಪಿದರೆ ಹೇಗೆ? ಪ್ರತಿ ಮೆಟ್ಟಿಲಿನಿಂದ ಹೊರಕ್ಕೆ ಹೋಗುವ ಶಾಖದ ಬಾಣ ಒಂದೂ ಇಲ್ಲ.

ಎರಡನೆಯದು ‘ಲಿಂಡ್‌ಮನ್‌ನ ಶೇಕಡ 10ರ ನಿಯಮ’ ಅಂತ ಬರೆದು 10,000, 1,000, 100, 10 ಅಂತ, ಅಂದರೆ ಪ್ರತಿ ಮೆಟ್ಟಿಲಿಗೂ ಹತ್ತನೇ ಒಂದು ಭಾಗ ಶಕ್ತಿ ಮಾತ್ರ ದಾಟುವ ಹಾಗೆ, ಮೆಟ್ಟಿಲು ಹಾಕಿರುವುದು. ರೇಮಂಡ್ ಲಿಂಡ್‌ಮನ್ ಅಮೆರಿಕದ ಮಿನ್ನೆಸೋಟದಲ್ಲಿ ಸೀಡರ್ ಬಾಗ್ ಅನ್ನುವ ಸಣ್ಣ ಸರೋವರವನ್ನು ವರ್ಷಗಟ್ಟಲೆ ಅಳೆದವರು. ಶಕ್ತಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಹೇಗೆ ಹೋಗುತ್ತದೆ ಅಂತ ಅವರು ಬರೆದ ಪ್ರಬಂಧ 1942ರಲ್ಲಿ ಬಂತು. ಅದು ಅಚ್ಚಾಗುವ ಮೊದಲೇ, 26ನೇ ವಯಸ್ಸಿಗೆ ತೀರಿಕೊಂಡರು. ಅವರ ಸರೋವರದಲ್ಲಿ ಸಿಕ್ಕ ದಕ್ಷತೆ ಸಸ್ಯಾಹಾರಿಗಳಿಗೆ ಶೇಕಡ 13.3, ಅವನ್ನು ತಿನ್ನುವವಕ್ಕೆ ಶೇಕಡ 22.3. ಹತ್ತು ಅನ್ನುವುದು ನೆನಪಿಗೆ ಸುಲಭವಾದ ಸರಾಸರಿ, ನಿಯಮ ಅಲ್ಲ. ಅಷ್ಟು ಕಷ್ಟಪಟ್ಟು ಅಳೆದವರ ಹೆಸರಿನಲ್ಲಿ ಅಳೆಯದ ಅಂಕಿ ಹಾಕುವುದು ಸರಿಯಲ್ಲ.

ನಾನು ಆ ಜಾಗದಲ್ಲಿ ಈಗ ಕೈಯಿಂದ ಬರೆದ ಹಾಳೆ ಹಾಕಿದ್ದೇನೆ. ಫ್ಲಾರಿಡಾದ ಸಿಲ್ವರ್ ಸ್ಪ್ರಿಂಗ್ಸ್‌ನಲ್ಲಿ ಹೋವರ್ಡ್ ಓಡಮ್ ಅಳೆದು 1957ರಲ್ಲಿ ಪ್ರಕಟಿಸಿದ ಅಂಕಿಗಳು. ಒಂದು ಚದರ ಮೀಟರಿಗೆ, ಒಂದು ವರ್ಷಕ್ಕೆ, ಕಿಲೋಕ್ಯಾಲರಿಯಲ್ಲಿ. ಬಿದ್ದ ಬಿಸಿಲು 17,00,000. ಗಿಡಗಳು ಹೀರಿದ್ದು 4,10,000. ಒಟ್ಟು ಉತ್ಪಾದನೆ 20,810. ಅದರಲ್ಲಿ ಗಿಡಗಳೇ ಉಸಿರಾಡಿ ಉರಿಸಿದ್ದು 11,977. ನಿವ್ವಳ ಉಳಿದದ್ದು 8,833. ಸಸ್ಯಾಹಾರಿಗಳಿಗೆ ಸೇರಿದ್ದು 3,368. ಅವನ್ನು ತಿನ್ನುವವಕ್ಕೆ 383. ತುತ್ತತುದಿಯ ಮಾಂಸಾಹಾರಿಗಳಿಗೆ 21. ಭಾಗಿಸಿ ನೋಡಿ: 383ರಿಂದ 21ಕ್ಕೆ ಬರುವಾಗ ದಾಟಿದ್ದು ಶೇಕಡ ಐದೂವರೆ ಮಾತ್ರ. ಮಕ್ಕಳು ಒಂದೊಂದು ಮೆಟ್ಟಿಲನ್ನೂ ಭಾಗಿಸಿ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದಾರೆ. ಆ ಹಾಳೆ ಈಗ ಅಚ್ಚಿನ ಚಾರ್ಟಿಗಿಂತ ಜಾಸ್ತಿ ಕೆಲಸ ಮಾಡುತ್ತಿದೆ.

ಒಂದು ದಿನ ಒಬ್ಬ ಹುಡುಗ ಸೂಕ್ಷ್ಮದರ್ಶಕದಿಂದ ತಲೆ ಎತ್ತಿ ಕೇಳಿದ: ‘ಇಷ್ಟೇ ಇಷ್ಟು ಪಾಚಿ, ಇದು ಇಷ್ಟೊಂದು ಆಮ್ಲಜನಕ ಹೇಗೆ ಮಾಡುತ್ತೆ ಮಿಸ್?’ ಒಳ್ಳೆಯ ಪ್ರಶ್ನೆ. ಎಷ್ಟಿದೆ ಅನ್ನುವುದು ಬೇರೆ, ಎಷ್ಟು ಬೇಗ ಮಾಡುತ್ತದೆ ಅನ್ನುವುದು ಬೇರೆ. ಉತ್ಪಾದಕತೆ ವೇಗದ ಲೆಕ್ಕ. 1998ರಲ್ಲಿ ಬಂದ ಒಂದು ಅಂದಾಜಿನಲ್ಲಿ ಇಡೀ ಭೂಮಿಯ ನಿವ್ವಳ ಪ್ರಾಥಮಿಕ ಉತ್ಪಾದನೆ ವರ್ಷಕ್ಕೆ ಸುಮಾರು 10,500 ಕೋಟಿ ಟನ್ ಇಂಗಾಲ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಸಮುದ್ರದ್ದು. ಆದರೆ ಇಡೀ ಭೂಮಿಯಲ್ಲಿ ದ್ಯುತಿಸಂಶ್ಲೇಷಣೆ ಮಾಡುವ ಜೀವಿಗಳ ತೂಕದಲ್ಲಿ ಸಸ್ಯಪ್ಲವಕದ, ಅಂದರೆ ನೀರಿನಲ್ಲಿ ತೇಲುವ ಪಾಚಿಯಂಥ ಸಣ್ಣ ಜೀವಿಗಳ, ಪಾಲು ಶೇಕಡ 1ಕ್ಕಿಂತ ಕಡಿಮೆ. ಮರ ಮಾಡಿದ್ದನ್ನು ಕಾಂಡವಾಗಿ ನೂರು ವರ್ಷ ಇಟ್ಟುಕೊಳ್ಳುತ್ತದೆ. ಪಾಚಿ ದಿನಗಳಲ್ಲಿ ಇಮ್ಮಡಿಯಾಗುತ್ತದೆ, ಅಷ್ಟೇ ಬೇಗ ಯಾವುದಾದರೂ ಪ್ರಾಣಿಯ ಹೊಟ್ಟೆ ಸೇರುತ್ತದೆ. ಈ ಕಿಟ್ ನಾಲ್ಕೇ ಗಂಟೆಯಲ್ಲಿ ಫಲ ತೋರಿಸುವುದು ಅದಕ್ಕೇ. ಮರದ ಮೇಲೆ ಇಷ್ಟು ಬೇಗ ಏನೂ ಕಾಣಿಸುತ್ತಿರಲಿಲ್ಲ.

ನಾಲ್ಕು ಗಂಟೆಗಿಂತ ಜಾಸ್ತಿ ಹೊತ್ತು ಬಿಡಬಹುದಾ ಅಂತ ಕೇಳುವವರಿಗೆ: ಬೆಳಗಿನಿಂದ ಸಂಜೆವರೆಗೆ ಬಿಡಬಹುದು. ಒಂದು ದಿನ ದಾಟಿಸಬೇಡಿ. ಬಾಟಲಿಯ ಒಳಗೋಡೆಗೆ ಬ್ಯಾಕ್ಟೀರಿಯಾ ಅಂಟಿ ಬೆಳೆಯುತ್ತದೆ. ಪೋಷಕಾಂಶ ಖಾಲಿಯಾಗುತ್ತದೆ. ಆಮೇಲೆ ಒಳಗೆ ನಡೆಯುವುದಕ್ಕೂ ಹೊರಗಿನ ಕೊಳಕ್ಕೂ ಸಂಬಂಧ ಇರುವುದಿಲ್ಲ. ಅಷ್ಟು ಹಸಿರಿಲ್ಲದ, ತಿಳಿಯಾದ ನೀರಿನಲ್ಲಿ ಈ ಕಿಟ್ ಕೆಲಸಕ್ಕೆ ಬರುವುದಿಲ್ಲ. ವ್ಯತ್ಯಾಸ ತುಂಬ ಸಣ್ಣದಾಗಿ ಬ್ಯೂರೆಟ್‌ನ ಓದಿನಲ್ಲೇ ಕಳೆದುಹೋಗುತ್ತದೆ. ನಡು ಸಮುದ್ರದಂಥ ನೀರಿಗಾಗಿಯೇ ಸ್ಟೀಮನ್ ನೀಲ್ಸನ್ ವಿಕಿರಣಶೀಲ ಇಂಗಾಲ-14 ಬಳಸುವ ವಿಧಾನವನ್ನು 1952ರಲ್ಲಿ ಪ್ರಕಟಿಸಿದರು. ಅದು ನಮ್ಮಂಥ ಲ್ಯಾಬಿನ ಕೆಲಸವಲ್ಲ.

ಡಿಜಿಟಲ್ ಆಮ್ಲಜನಕ ಮೀಟರ್ ತಗೊಂಡರೆ ಆಗಲ್ವಾ ಅಂತ ನನ್ನ ಸಹೋದ್ಯೋಗಿ ಕೇಳಿದರು. ಎರವಲು ತಂದು ನೋಡಿದ್ದೇನೆ. ರಾತ್ರಿಯಿಡೀ ನೀರಿನಲ್ಲಿ ಬಿಟ್ಟು ಆಮ್ಲಜನಕ ಮುಂಜಾನೆವರೆಗೆ ಹೇಗೆ ಇಳಿಯುತ್ತದೆ ಅಂತ ನೋಡಲು ಅದೇ ಒಳ್ಳೆಯದು. ಬೇಗ, ಸುಲಭ, ವಿಷದ ದ್ರಾವಣ ಬೇಡ. ಆದರೆ ಮಕ್ಕಳು ಅದರ ಪರದೆಯ ಅಂಕಿಯನ್ನು ಸುಮ್ನೆ ಬರೆದುಕೊಂಡು ಹೋಗುತ್ತಾರೆ. ಕಂದು ಮೋಡ ಎದ್ದದ್ದನ್ನು ನೋಡಿದವರು ಹಾಗೆ ಹೋಗುವುದಿಲ್ಲ. ಎರಡೂ ಇದ್ದರೆ ಒಳ್ಳೆಯದು. ಒಂದೇ ಅಂದರೆ ಕಲಿಸಲಿಕ್ಕೆ ನಾನು ಬಾಟಲಿಗಳನ್ನೇ ಆರಿಸುತ್ತೇನೆ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಬಾಟಲಿಯ ಗಾಜು ಗಟ್ಟಿ, 22 ಸಲಕ್ಕೂ ಒಂದೂ ಒಡೆದಿಲ್ಲ. ಹಗ್ಗದ ಗುರುತುಗಳು ಅಳಿಸಿಲ್ಲ. ಸುಮಾರು 40 ಓದಿಗೆ ದ್ರಾವಣ ಬರುತ್ತದೆ. ಪಿಷ್ಟ ಮಾತ್ರ ಬೇಗ ಬೂಸ್ಟು ಹಿಡಿಯುತ್ತದೆ, ಅದನ್ನು ಆಗಾಗ ಹೊಸದಾಗಿ ಮಾಡಿಕೊಳ್ಳಿ. ತಯಾರಕರು ಇದನ್ನು ಓದಿದರೆ ನನ್ನ ಕೋರಿಕೆ ಒಂದೇ: ಮುಂದಿನ ಪೆಟ್ಟಿಗೆಯಲ್ಲಿ ಚಾರ್ಟ್ ಬಿಟ್ಟುಬಿಡಿ, ಆ ಖರ್ಚಿನಲ್ಲಿ ಇನ್ನೊಂದು ಕಪ್ಪು ಬಾಟಲಿ ಕೊಡಿ. ಬಿರಡೆಗೂ ಬಣ್ಣ ಹಾಕಿ. ನಮ್ಮದು ಈಗ ಟೇಪ್ ಸುತ್ತಿಕೊಂಡು 90 ಸೆಂಟಿಮೀಟರ್ ಆಳದಲ್ಲಿ ತೂಗುತ್ತಿದೆ. ಒಂದು ಗಂಟೆಗೆ ಎತ್ತಬೇಕು.